ಓದಿನ ಹಿಸ್ಸೆ

ನನ್ನ ಚಿಕ್ಕಪ್ಪನ ಹಣೆಯ ಮೇಲೆ ಒಂದು ಗೆರೆಯಿತ್ತು. ಹುಬ್ಬಿಗೂ ಕೂದಲಿಗೂ ನಡುವೆ, ಈ ಕಿವಿಯಿಂದ ಆ ಕಿವಿಯವರೆಗೆ ಕೆಂಪಗೆ ಕೂತ ಗೆರೆ. ಹುಟ್ಟಿನಿಂದ ಬಂದದ್ದಲ್ಲ, ಪೇಟ ಒತ್ತಿ ಆದದ್ದು. ಬಿ.ಎ. ಪದವಿ ತೆಗೆದುಕೊಳ್ಳುವ ದಿನಕ್ಕೆಂದು ತಾತ ಮೈಸೂರಿನ ಅಂಗಡಿಯಿಂದ ಜರಿಪೇಟ ತಂದಿದ್ದ. ಮಗನ ತಲೆಯ ಅಳತೆ ಗೊತ್ತಿಲ್ಲದೆ ತನ್ನ ತಲೆಗೇ ಇಟ್ಟು ನೋಡಿ ಕೊಂಡಿದ್ದ. ತಾತನದು ಸಣ್ಣ ತಲೆ, ಚಿಕ್ಕಪ್ಪನದು ದೊಡ್ಡದು. ಆ ಪೇಟವನ್ನು ಬದಲಾಯಿಸಿ ಬೇರೆ ತಂದುಕೊಳ್ಳಬಹುದಿತ್ತು. ಅಪ್ಪ ತಂದದ್ದು ಎಂದು ಅವನು ಅದನ್ನೇ ಒತ್ತಿ ಒತ್ತಿ ಹಾಕಿಕೊಂಡ.

ಕೆಲಸ ಕೇಳಲು ಹೋಗುವಾಗಲೆಲ್ಲ ಆ ಪೇಟ, ಕರಿ ಕೋಟು, ಕಚ್ಚೆಪಂಚೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಮದ್ದೂರಿನಲ್ಲಿಳಿದು, ಮಳವಳ್ಳಿ ಕಡೆಯ ಬಸ್ಸು ಹತ್ತಿ, ನಮ್ಮೂರ ದಾರಿಯಲ್ಲಿ ಇಳಿದು ನಡೆದು ಬರುವ ಹೊತ್ತಿಗೆ ಪೇಟ ಕಂಕುಳಿಗೆ ಬಂದಿರುತ್ತಿತ್ತು, ಗೆರೆ ಮಾತ್ರ ಹಣೆಯಲ್ಲೇ ಉಳಿದಿರುತ್ತಿತ್ತು. ನನ್ನ ಅವ್ವ ಏನನ್ನೂ ಕೇಳದೆ ಹರಳೆಣ್ಣೆ ತಂದು ಕೊಡುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು ಹಣೆಗೆ ತೀಡಿಕೊಳ್ಳುತ್ತಾ ನಗುತ್ತಿದ್ದ. "ಅತ್ಗೆ, ಸಾಯೇಬ್ರ ದರ್ಸನ ಆಯ್ತು. ಪ್ರಸಾದ ಮಾತ್ರ ಮುಗುದೋಗಿತ್ತು" ಎನ್ನುತ್ತಿದ್ದ. ಗೆರೆ ಮಾಸುವಷ್ಟರಲ್ಲಿ ಇನ್ನೊಂದು ಕಚೇರಿಯಿಂದ ಕರೆ ಬರುತ್ತಿತ್ತು, ಪೇಟ ಮತ್ತೆ ತಲೆಗೇರುತ್ತಿತ್ತು.

ನಮ್ಮೂರಿಗೆ ಅವನೇ ಮೊದಲ ಬಿ.ಎ. ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಅವನು ಪಾಸಾಗಿ ಬಂದಾಗ ನನಗೆ ಏಳೋ ಎಂಟೋ ವರ್ಷ. ಅವತ್ತಿನವರೆಗೆ "ಬಾರ್ಲಾ, ಈಜಕ್ಕೋಗನ" ಎಂದು ಕರೆಯುತ್ತಿದ್ದ ಅವನ ಜೊತೆಗಾರರು ಒಂದೇ ದಿನಕ್ಕೆ "ಬನ್ನಿ, ಕೂತ್ಕಳಿ" ಎನ್ನತೊಡಗಿದರು. ಅವನು ಹೋಗಿ ಕೂತರೆ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವನಿಗೆ ಏಕವಚನ ಉಳಿದಿತ್ತು. ನಾನೂ ಈಗ ಹಾಗೇ ಬರೆಯುತ್ತಿದ್ದೇನೆ. ಬಹುವಚನ ಹಚ್ಚಿದರೆ ಊರಿನವರ ಸಾಲಿನಲ್ಲಿ ನಾನೂ ನಿಂತಂತಾಗುತ್ತದೆ.

ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಹೊಸ ಕಚೇರಿ ಎಂದರೆ ಹೊಸ ಕುರ್ಚಿ, ಆ ಕುರ್ಚಿಗಳಲ್ಲಿ ಒಂದು ನಮ್ಮವನಿಗಾಗಿಯೇ ಕಾಯುತ್ತಿದೆ ಎಂದು ಊರೆಲ್ಲ ನಂಬಿತು. ಅದೂ ಎಂಥ ಕುರ್ಚಿ? ಅಮಲ್ದಾರನದು. ತಾಲ್ಲೂಕಿಗೆ ದೊರೆಯಂಥ ಅಮಲ್ದಾರರು ಕುದುರೆಯ ಮೇಲೆ ಬಂದು ಹೋದದ್ದನ್ನು ಕಂಡಿದ್ದ ನಮ್ಮ ಜನಕ್ಕೆ, ಬಿ.ಎ. ಎಂಬುದು ಅದಕ್ಕಿಂತ ಕೆಳಗೆ ಇಳಿಯಬಹುದು ಎಂದು ಯಾರೂ ಹೇಳಿರಲಿಲ್ಲ.

ಹೀಗಿರುವಾಗ ತಾತ ತೀರಿಕೊಂಡ. ತಿಥಿ ಮುಗಿದ ಮೇಲೆ ಹಿರೀಕರು ನಮ್ಮ ಜಗಲಿಯಲ್ಲಿ ಸೇರಿದರು. ಇರುವವರು ಇಬ್ಬರೇ ಅಣ್ಣತಮ್ಮಂದಿರು, ನನ್ನ ಅಪ್ಪ ಮತ್ತು ಚಿಕ್ಕಪ್ಪ. ಚಿಕ್ಕಪ್ಪ ಇಂದೋ ನಾಳೆಯೋ ಅಧಿಕಾರಿಯಾಗಿ ಊರು ಬಿಡುವವನು, ಆಮೇಲೆ ಅವನನ್ನು ಹಿಡಿಯುವುದು ಎಲ್ಲಿ, ಹಿಸ್ಸೆ ಈಗಲೇ ಆಗಿಹೋಗಲಿ ಎಂಬುದು ಅವರ ಯೋಚನೆ. ನಮ್ಮ ಕಡೆ ಒಂದು ಪದ್ಧತಿಯಿತ್ತು. ಮನೆಯ ದುಡಿಮೆಯಲ್ಲಿ ಒಬ್ಬನನ್ನು ಓದಿಸಿದ್ದರೆ ಅವನ ಓದೇ ಅವನ ಪಾಲು. ನೆಲ, ದನ, ಮನೆ ಎಲ್ಲವೂ ಉಳಿದು ದುಡಿದವನದು. ಅನ್ಯಾಯ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಓದಿದವನೇ ಗೆದ್ದವನು ಎಂದು ಮಿಕ್ಕವರು ಹೊಟ್ಟೆಕಿಚ್ಚುಪಡುತ್ತಿದ್ದರು.

ಹಿರೀಕರು ಎರಡು ಹಿತ್ತಾಳೆ ತಟ್ಟೆ ತರಿಸಿದರು. ಒಂದರಲ್ಲಿ ಎಲೆಯಡಿಕೆಯ ಜೊತೆ ಗದ್ದೆಯಿಂದ ತಂದ ಮಣ್ಣಿನ ಹೆಂಟೆ ಇಟ್ಟು ಅಪ್ಪನ ಮುಂದೆ ತಳ್ಳಿದರು. ಇನ್ನೊಂದರಲ್ಲಿ ಏನಿಡಬೇಕೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕೊನೆಗೆ ಗೂಟಕ್ಕೆ ತೂಗುಹಾಕಿದ್ದ ಜರಿಪೇಟ ತಂದು ಇಟ್ಟು ಚಿಕ್ಕಪ್ಪನ ಮುಂದೆ ತಳ್ಳಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಚಿಕ್ಕಪ್ಪನೇ ನಗುತ್ತಾ ಅವನ ಬೆನ್ನು ತಟ್ಟಿ, "ನಂಗ್ಯಾಕಣ್ಣ ನೆಲ, ಉಳಾಕೆ ನಾನೇನು ಊರಲ್ಲಿ ಇರ್ತೀನಾ, ನೀ ಉತ್ಕೊ" ಎಂದ. ಬಂದವರಿಗೆಲ್ಲ ಪಾನಕ ಹಂಚಿದೆವು. ನನ್ನ ಪಾಲಿನ ಜೊತೆಗೆ ಅವನ ಪಾಲಿನದನ್ನೂ ನಾನೇ ಕುಡಿದೆ.

ಆಮೇಲೆ ಶುರುವಾದದ್ದೇ ಆ ಓಡಾಟ. ಬೆಂಗಳೂರು, ಮೈಸೂರು, ಮಂಡ್ಯ. ಒಂದು ಜಾಗಕ್ಕೆ ಎಷ್ಟೋ ಜನ ಬಿ.ಎ.ಗಳು ಬಂದು ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ ಎಂದು ಅವನು ಬಂದು ಹೇಳಿದಾಗ ನಮ್ಮ ಅಜ್ಜಿ ನಂಬಲೇ ಇಲ್ಲ. ಒಬ್ಬ ಬಿ.ಎ.ಯನ್ನು ಮಾಡಲು ಒಂದು ಮನೆ ಇಷ್ಟು ಬಡಕಲಾದರೆ ಅಷ್ಟು ಜನ ಎಲ್ಲಿಂದ ಬಂದಾರು ಎಂದು ಅವಳ ಲೆಕ್ಕ. ಅವನಿಗೆಂದು ಮಾತಾಗಿದ್ದ ಹೆಣ್ಣಿನ ಕಡೆಯವರು ಕೆಲಸ ಆಗಲಿ ಎಂದು ಕಾದರು, ಕಾದರು, ಕೊನೆಗೆ ಮಗಳನ್ನು ಬೇರೆ ಕಡೆ ಕೊಟ್ಟರು. ಆ ಮದುವೆಗೆ ಚಿಕ್ಕಪ್ಪನೇ ಹೋಗಿ ಊಟ ಮಾಡಿಕೊಂಡು ಬಂದು, ಪಾಯಸ ಚೆನ್ನಾಗಿತ್ತು ಎಂದ.

ಒಂದು ಸಲ ಮಂಡ್ಯದ ಯಾವುದೋ ಕಚೇರಿಯಿಂದ ಬಂದವನು ಅಧಿಕಾರಿಯ ಹಾಗೆ ಕನ್ನಡಕ ಮೂಗಿನ ತುದಿಗಿಳಿಸಿ ನಟಿಸಿ ತೋರಿಸಿದ. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಅವರು ಕೇಳಿದರಂತೆ. ಬೇಸಾಯ ಎಂದನಂತೆ ಇವನು. ನಾಲೆ ನೀರಿನ ಗದ್ದೆಯೇ ಎಂದರಂತೆ. ಹೌದು ಎಂದನಂತೆ. ಹಾಗಾದರೆ ಈ ಕೆಲಸ ಗತಿಯಿಲ್ಲದವನೊಬ್ಬನಿಗೆ ಸಿಗಲಿ, ನಿಮಗೇನು ಕಮ್ಮಿ, ಹೋಗಿ ಚಿನ್ನದಂಥ ಭೂಮಿ ನೋಡಿಕೊಳ್ಳಿ ಎಂದರಂತೆ. ಅವನು ನಟಿಸಿದ ರೀತಿಗೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಪ್ಪ ನಗಲಿಲ್ಲ. ನನ್ನ ಪಾಲಿಗೆ ಭೂಮಿಯೇ ಇಲ್ಲ ಎಂದು ಹೇಳಬಾರದಿತ್ತೇ ಎಂದು ಅವ್ವ ಕೇಳಿದಾಗ, ಎಲ್ಲಿ ಹೋಯಿತು ಎಂದು ಅವರು ಕೇಳಿದರೆ ತಲೆಯ ಮೇಲಿರುವ ಪೇಟ ತೋರಿಸಬೇಕಾಗಿತ್ತು ಎಂದು ಚಿಕ್ಕಪ್ಪ ಹಣೆ ಉಜ್ಜಿಕೊಂಡ.

ಸಿಕ್ಕದ ಕೆಲಸಗಳ ಕತೆ ಇದು. ಸಿಕ್ಕ ಕೆಲಸದ ಕತೆ ಇನ್ನೂ ಹೆಚ್ಚು ನೋಯಿಸುತ್ತದೆ. ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರ ಜಾಗವೊಂದು ಖಾಲಿಯಾಗಿ, ಬನ್ನಿ ಎಂದು ಅವರೇ ಹೇಳಿಕಳಿಸಿದರು. ಚಿಕ್ಕಪ್ಪನಿಗೆ ಮನಸ್ಸಿತ್ತು. ಕಲಿಸುವುದೆಂದರೆ ಅವನಿಗೆ ಆಟ. ಹೆಣ್ಣುಮಗು ಎಂದು ಕೂಲಿಮಠಕ್ಕೂ ಕಳಿಸದೆ ಬಿಟ್ಟಿದ್ದ ನನಗೆ, ಎಮ್ಮೆ ಕಾಯುವಾಗ ಮಣ್ಣಿನ ಮೇಲೆ ಕಡ್ಡಿಯಲ್ಲಿ ಅಕ್ಷರ ತಿದ್ದಿಸಿದವನು ಅವನೇ. ತಪ್ಪು ಬರೆದರೆ ಬೈಯುತ್ತಿರಲಿಲ್ಲ, ಎಮ್ಮೆಯ ಕಡೆ ತಿರುಗಿ "ನೋಡವ್ವ, ನೀನಾದ್ರೂ ಏಳ್ಕೊಡು ಇವಳ್ಗೆ" ಎನ್ನುತ್ತಿದ್ದ. ಅಜ್ಜಿ ಕೇಳಿದ್ದು ಒಂದೇ ಮಾತು. "ಮೇಷ್ಟ್ರಾಗಕ್ಕೆ ಇಷ್ಟು ಓದ್ಬೇಕಾಗಿತ್ತಾ ಮಗ? ನಮ್ ಕೂಲಿಮಠದಯ್ಯ ಏನ್ ಓದವ್ನೆ?" ಅಪ್ಪನೂ ಅವಳ ಕಡೆಗೇ ನಿಂತ. ಇನ್ನೊಂದು ವರ್ಷ ತಡೆದರೆ ಅಮಲ್ದಾರಿಕೆ ಬರುತ್ತದೆ, ಈಗ ಮೇಷ್ಟ್ರಾದರೆ ಅಲ್ಲೇ ಬೇರು ಬಿಡುತ್ತಾನೆ ಎಂದ. ನೋಡಾನ ಬುಡಿ ಎಂದು ಚಿಕ್ಕಪ್ಪ ಸುಮ್ಮನಾದ.

ಅವನು ಹಚ್ಚಿದ ಓದನ್ನೇ ಮುಂದುವರಿಸಿ, ಎಷ್ಟೋ ವರ್ಷಗಳ ಮೇಲೆ ಅದೇ ಮಳವಳ್ಳಿಯಲ್ಲಿ ನಾನು ಮೇಷ್ಟ್ರಮ್ಮನಾದೆ. ನನ್ನನ್ನು ಮೊದಲ ದಿನ ಶಾಲೆಯ ಬಾಗಿಲವರೆಗೆ ಬಿಟ್ಟು ಬರಲು ಅಪ್ಪ ಬಂದ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅಪ್ಪ ಗೋಡೆಯ ಕಡೆ ತಿರುಗಿ ನಿಂತ, ನನಗೆ ಮುಖ ತೋರಿಸದೆ ಹೊರಟುಹೋದ. ನನ್ನ ಸಂಬಳದಲ್ಲಿ ಮನೆಯವರು ಉಂಡ ಒಂದೊಂದು ತುತ್ತೂ ಚಿಕ್ಕಪ್ಪನಿಗೆ ಸೇರಬೇಕಾದದ್ದು.

ಯುದ್ಧ ಜೋರಾಯಿತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡತೊಡಗಿದವು. ಕರೆಗಳೂ ಕಮ್ಮಿಯಾದವು. ಚಿಕ್ಕಪ್ಪ ಊರಲ್ಲೇ ಇರತೊಡಗಿದ. ಬೆಳಗಾದರೆ ಗದ್ದೆಯ ಬದುಗಳ ಮೇಲೆ ಕೈ ಹಿಂದೆ ಕಟ್ಟಿಕೊಂಡು ಓಡಾಟ. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಮೂಗಿಗೆ ಹಿಡಿಯುವುದು, ಬೆರಳಲ್ಲಿ ಹೊಸೆಯುವುದು, ಯಾರಾದರೂ ನೋಡಿದರೆ ಬೀಳಿಸಿಬಿಡುವುದು. ಮಂಡ್ಯದ ಹತ್ತಿರದ ಬೇಸಾಯದ ಫಾರಮ್ಮಿಗೆ ಕೆಲಸ ಕೇಳುವ ನೆಪದಲ್ಲಿ ಹೋಗುತ್ತಿದ್ದ. ಹೋಗುತ್ತಿದ್ದದ್ದು ಅಲ್ಲಿನ ಹೊಸ ಕಬ್ಬು ನೋಡಲು ಎಂದು ನನಗೊಬ್ಬಳಿಗೆ ಹೇಳಿದ್ದ. ಆ ದಿನಗಳಲ್ಲಿ ಪೇಟ ಹಾಕುತ್ತಿರಲಿಲ್ಲ. ಅವನ ಹಣೆ ನಯವಾಗಿ, ಹುಡುಗನ ಹಣೆಯ ಹಾಗೆ ಕಾಣುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವನು ಅಪ್ಪನನ್ನು ಕೇಳಿದ. ನಮ್ಮ ಗದ್ದೆಯ ಮೂಡಲಲ್ಲಿ, ಕಾಲುವೆ ತಿರುಗುವ ಕಡೆ, ಒಂದು ಮೂಲೆಯಿತ್ತು. ಎತ್ತು ತಿರುಗಿಸಲು ಕಷ್ಟವಾದ ತುಂಡು. ಅಪ್ಪ ಅದನ್ನು ಅರ್ಧ ಬೀಳು ಬಿಟ್ಟಿದ್ದ.

"ಅಣ್ಣ, ಆ ಮೂಡ್ಲು ಮೂಲೆ ಒಂದ ನಂಗೆ ಬುಟ್ಕೊಡು. ಪಾಲು ಅಂತ ಕೇಳ್ತಿಲ್ಲ. ಉತ್ಕತೀನಿ, ಅಷ್ಟೆ."

ಅಪ್ಪ ಮುದ್ದೆ ಮುರಿದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದ. ಅಪ್ಪನಿಗೆ ನೆಲದ ಆಸೆಯಿತ್ತು ಎಂದು ಯಾರಾದರೂ ತಿಳಿದರೆ ನಾನು ಒಪ್ಪುವುದಿಲ್ಲ. ಮೂಲೆಯೇನು, ಅರ್ಧ ಗದ್ದೆ ಕೇಳಿದ್ದರೂ ಕೊಡುವವನೇ. ಆದರೆ ತಮ್ಮನ ಕೈಗೆ ನೇಗಿಲು ಕೊಟ್ಟರೆ, ತಾತ ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದೆಲ್ಲ ಮಣ್ಣುಪಾಲಾಯಿತು ಎಂದು ತಾನೇ ಊರಿಗೆ ಡಂಗುರ ಹೊಡೆದಂತೆ ಎಂದು ಅವನು ತಿಳಿದಿದ್ದ. "ಅದೊಂದ್ ಕೇಳ್ಬ್ಯಾಡ ಕಣ್ಲಾ" ಎಂದು ಎದ್ದು ಕೈತೊಳೆದ. ಚಿಕ್ಕಪ್ಪ ತನ್ನ ಮುದ್ದೆ ಮುಗಿಸಿದ. ಉಪ್ಸಾರು ಇನ್ನಷ್ಟು ಹಾಕಿಸಿಕೊಂಡ ಎಂಬುದೂ ನನಗೆ ನೆನಪಿದೆ, ಅವ್ವನಿಗೆ ಬೇಜಾರಾಗಬಾರದು ಎಂದು.

ಆದರೂ ಅವನು ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ಫಾರಮ್ಮಿನಿಂದ ಕಬ್ಬಿನ ಬಿತ್ತನೆ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ. ಅಪ್ಪ ಬೇರೆ ಊರಿಗೆ ಹೋಗಿದ್ದಾನೆ ಎಂದು ತಿಳಿದು, ಬೆಳಗ್ಗೆಯೇ ಮೂಡಲ ಮೂಲೆಗೆ ಇಳಿದ. ನಾನು ರೊಟ್ಟಿ ತೆಗೆದುಕೊಂಡು ಹೋದಾಗ ಪಂಚೆ ಮೇಲೆ ಕಟ್ಟಿ, ತಲೆಗೆ ಟವಲು ಸುತ್ತಿ, ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದ. ತುಂಡನ್ನು ಕಾಲಲ್ಲಿ ಒತ್ತಿ ಕೂರಿಸುತ್ತಾ ಸಾಲಿನುದ್ದಕ್ಕೂ ಹೋಗುತ್ತಿದ್ದ. ಅಷ್ಟು ಸಂತೋಷದಲ್ಲಿ ನಾನು ಅವನನ್ನು ಯಾವತ್ತೂ ಕಂಡಿರಲಿಲ್ಲ.

ಮದ್ದೂರು ಸಂತೆಗೆ ಹೊರಟ ಗಾಡಿಯೊಂದು ಏರಿಯ ಮೇಲೆ ನಿಂತಿತು. ಒಳಗಿದ್ದವರು ಇಳಿದು ನೋಡಿದರು. "ಅಮಲ್ದಾರ್ರು ನಾಟಿ ಮಾಡ್ತಾವ್ರೆ ಕಣ್ರಪ್ಪಾ, ನಾವೂ ಕೈ ಕಟ್ಕಂಡು ನಿಂತ್ಕಬೇಕೇನೋ" ಎಂದು ಒಬ್ಬ ಅಂದ. ಅವರ ಹಿಂದೆ, ಹೋದ ಕೆಲಸ ಆಗದೆ ಬೇಗ ವಾಪಸು ಬರುತ್ತಿದ್ದ ಅಪ್ಪ ನಿಂತಿದ್ದ.

ಅಪ್ಪ ಕೂಗಾಡಲಿಲ್ಲ. ಗದ್ದೆಗೆ ಇಳಿದು ತಮ್ಮನ ಕೈ ಹಿಡಿದು, ಮಗುವನ್ನು ನಡೆಸಿಕೊಂಡು ಬರುವ ಹಾಗೆ ಕಾಲುವೆಯ ಕಲ್ಲಿನವರೆಗೆ ಕರೆದುಕೊಂಡು ಬಂದ. ಅವನ ತಲೆಯ ಟವಲು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಕಲ್ಲಿನ ಮೇಲೆ ಕೂರಿಸಿ, ನೀರಿಗಿಳಿದು, ಅವನ ಎರಡು ಕಾಲನ್ನೂ ತನ್ನ ಕೈಯಲ್ಲಿ ತೊಳೆಯತೊಡಗಿದ. ನಮ್ಮಲ್ಲಿ ಅಣ್ಣನಾದವನು ತಮ್ಮನ ಕಾಲು ಮುಟ್ಟುವುದಿಲ್ಲ. ಗಾಡಿಯವರು ಬಾಯಿ ಮುಚ್ಚಿಕೊಂಡು ಹತ್ತಿ ಹೊರಟರು.

"ಬುಡಣ್ಣ, ನನ್ ಕಾಲ ಮುಟ್ಬ್ಯಾಡ" ಎಂದು ಚಿಕ್ಕಪ್ಪ ಎಳೆದುಕೊಳ್ಳಲು ನೋಡಿದ.

ಅಪ್ಪ ಬಿಡಲಿಲ್ಲ. ಬೆರಳ ಸಂದುಗಳನ್ನು ಒಂದೊಂದಾಗಿ ಉಜ್ಜಿದ. "ಈ ಕಾಲು ಕಚೇರಿ ಮೆಟ್ಲತ್ತಬೇಕು ಕಣ್ಲಾ. ಮಣ್ಣಾಗ್ಬಾರ್ದು" ಎಂದ. ಇಬ್ಬರೂ ಅಳುತ್ತಿದ್ದರು. ರೊಟ್ಟಿ ನನ್ನ ಕೈಯಲ್ಲೇ ತಣ್ಣಗಾಯಿತು. ದ್ವೇಷದಿಂದ ಮಾಡಿದ್ದರೆ ನಾನು ಅಪ್ಪನ ಮೇಲೆ ಸಿಟ್ಟಾಗಿ ಹಗುರಾಗುತ್ತಿದ್ದೆ. ಅಷ್ಟು ಪ್ರೀತಿಯಿಂದ ಒಬ್ಬನ ಬದುಕನ್ನು ತೊಳೆದುಹಾಕಬಹುದು ಎಂಬುದನ್ನು ಆ ವಯಸ್ಸಿಗೇ ನೋಡಿದೆನಲ್ಲ, ಅದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಹಾಗೇ ಇದೆ.

ಆಮೇಲೆ ಅವನು ಸಿಕ್ಕಿದ ಕೆಲಸ ಹಿಡಿದ. ಮಳವಳ್ಳಿಯಿಂದ ಆಚೆ, ನಾಲೆಯ ಕೊನೆಯ ಕಡೆ, ನಾಲೆ ಇಲಾಖೆಯ ಕ್ಯಾಂಪಿನಲ್ಲಿ ಹಂಗಾಮಿ ಗುಮಾಸ್ತೆ. ಅದು ಮೇಷ್ಟ್ರ ಕೆಲಸಕ್ಕಿಂತ ಕೆಳಗಿನದು. ಆದರೆ ಕಚೇರಿ ಎಂಬ ಹೆಸರಿತ್ತು, ಹತ್ತಲು ಮೆಟ್ಟಿಲಿತ್ತು, ಊರಿಗೆ ದೂರವಿತ್ತು. ಅಪ್ಪ ಬೇಡ ಎನ್ನಲಿಲ್ಲ. ಹೊಸದಾಗಿ ನೀರು ನಿಂತ ಸೀಮೆ, ಸೊಳ್ಳೆ ಹೇಳತೀರದು, ಚಳಿಜ್ವರ ಬಾರದ ಮನೆಯಿರಲಿಲ್ಲ. ಅವನು ಹಬ್ಬಕ್ಕೆ ಬಂದಾಗ ಮುಖ ಹಳದಿಗಟ್ಟಿರುತ್ತಿತ್ತು. ಹೊಟ್ಟೆಯ ಎಡಗಡೆ ಜ್ವರದ ಗಡ್ಡೆ ಕಟ್ಟಿತ್ತು. ಬಂದ ತಕ್ಷಣ ಕೇಳುತ್ತಿದ್ದದ್ದು ಮೂಡಲ ಮೂಲೆಯನ್ನೇ. ಅವತ್ತು ನೆಟ್ಟ ಅರ್ಧ ಸಾಲನ್ನು ಅಪ್ಪ ಕೀಳಿಸಿರಲಿಲ್ಲ, ನೀರೂ ಬಿಡುತ್ತಿದ್ದ. ಕಬ್ಬು ಎದೆಯೆತ್ತರ ಬಂದಿತ್ತು. ಆ ವಿಷಯ ಅಣ್ಣತಮ್ಮಂದಿರು ಒಬ್ಬರೊಡನೊಬ್ಬರು ಒಂದು ದಿನವೂ ಆಡಲಿಲ್ಲ. ನಡುವೆ ಸುದ್ದಿ ಒಯ್ಯುತ್ತಿದ್ದವಳು ನಾನು.

ಯುದ್ಧ ಮುಗಿದ ಮೇಲೂ ಚಳಿಜ್ವರದ ಮದ್ದು ಕ್ವಿನೈನು ಸುಲಭವಾಗಿ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಕ್ಯಾಂಪಿನವರು ಚಿಕ್ಕಪ್ಪನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಅಪ್ಪ ಮದ್ದೂರಿಗೆ, ಮಂಡ್ಯಕ್ಕೆ, ಡಾಕ್ಟರಿಂದ ಡಾಕ್ಟರಿಗೆ ಓಡಿದ. ಜ್ವರ ನೆತ್ತಿಗೇರಿದಾಗ ಬಿ.ಎ. ಓದಿದವನು ಇಂಗ್ಲಿಷಿನಲ್ಲಿ ಕನವರಿಸುತ್ತಾನೆ ಎಂದು ಊರಿನವರು ಕುತೂಹಲದಲ್ಲಿ ಬಾಗಿಲಲ್ಲಿ ನಿಂತರು. ಅವನು ಇಂಗ್ಲಿಷಿನಲ್ಲಿ ಒಂದು ಮಾತೂ ಆಡಲಿಲ್ಲ. ಎತ್ತು ತಿರುಗಿಸುತ್ತಿದ್ದ. "ಹೋ, ಮೆತ್ಗೆ, ಮೂಲೆ ಅದೆ, ಮೆತ್ಗೆ ತಿರುಗು" ಎನ್ನುತ್ತಿದ್ದ. ಅಪ್ಪ ಅವನ ಪಾದ ಹಿಡಿದು ಕೂತಿದ್ದ. ಮಾರನೆಯ ದಿನ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಚಿಕ್ಕಪ್ಪ ಹೋಗಿಬಿಟ್ಟ. ಮೂವತ್ತೋ ಮೂವತ್ತೊಂದೋ ಇರಬೇಕು. ದೇಶಕ್ಕೆ ಸ್ವಾತಂತ್ರ್ಯ ಇನ್ನೇನು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲ.

ನಮ್ಮವರು ಸತ್ತವರನ್ನು ಅವರವರ ನೆಲದಲ್ಲಿ ಹೂಳುತ್ತಾರೆ. ತಾತ, ಮುತ್ತಾತ ಎಲ್ಲರೂ ಹೊಲದಲ್ಲೇ ಇದ್ದಾರೆ. ಗುಂಡಿ ತೆಗೆಯುವವರು ಹಾರೆ ಹಿಡಿದು ಬಂದು ಎಲ್ಲಿ ಎಂದು ಕೇಳಿದರು. ಆಗ ಜಗಲಿಯಲ್ಲಿದ್ದ ಹಿರೀಕರಿಗೆ ಅವತ್ತಿನ ತಟ್ಟೆಗಳು ನೆನಪಾದವು. ಅವರಲ್ಲಿ ಒಬ್ಬರು ಮೆಲ್ಲಗೆ, ಅವನದು ಅಂತ ನೆಲ ಇಲ್ಲವಲ್ಲಪ್ಪಾ, ಊರ ತೋಪಿನಲ್ಲಿ ಎಲ್ಲರಿಗೂ ಇರುವ ಜಾಗದಲ್ಲಿ ಇಡಬಹುದು ಎಂದರು. ತಪ್ಪು ಮಾತಲ್ಲ, ಪದ್ಧತಿಯ ಮಾತು. ಅಪ್ಪ ಹಾರೆಯನ್ನು ಗುಂಡಿ ತೆಗೆಯುವವರ ಕೈಯಿಂದ ತೆಗೆದುಕೊಂಡ.

"ಮೂಡ್ಲು ಮೂಲೆ ಅವನ್ದು" ಎಂದ. "ಕೇಳಿದ್ದ."

ಕಬ್ಬಿನ ಆ ಅರ್ಧ ಸಾಲಿನ ಪಕ್ಕದಲ್ಲೇ ಗುಂಡಿ ತೋಡಿದರು. ನಮ್ಮಲ್ಲಿ ಹೆಂಗಸರೂ ಮಣ್ಣು ಕೊಡಲು ಹೋಗುತ್ತಾರೆ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಮಲಗಿಸುವ ಮುಂಚೆ ಯಾರೋ ಮನೆಗೆ ಓಡಿಹೋಗಿ ಜರಿಪೇಟ ತಂದರು. ಊರಿನ ಮೊದಲ ಬಿ.ಎ., ಬರಿತಲೆಯಲ್ಲಿ ಕಳಿಸುವುದು ಹೇಗೆ ಎಂದು ಅವರ ಆಸೆ. ತಲೆಯ ಹತ್ತಿರ ಬಗ್ಗಿದ ಅವರ ಕೈಯನ್ನು ಅಪ್ಪ ತಡೆದ.

"ಬ್ಯಾಡ, ಅದು ಒತ್ತುತದೆ" ಎಂದ.

ತನ್ನ ತಲೆಯ ಟವಲು ಬಿಚ್ಚಿದ. ಬೆವರಿನ, ಮಣ್ಣಿನ, ಎತ್ತಿನ ವಾಸನೆಯ ಟವಲು. ಅದನ್ನು ಒದರಿ, ತಮ್ಮನ ತಲೆಗೆ ಸಡಿಲವಾಗಿ ಸುತ್ತಿ, ಗದ್ದೆಗೆ ಹೋಗುವವನಿಗೆ ಕಟ್ಟುವ ಹಾಗೆ ಕಿವಿಯ ಹಿಂದೆ ತುದಿ ಸಿಕ್ಕಿಸಿದ. ಹಣೆಯ ಮೇಲೆ ಗೆರೆ ಇರಲಿಲ್ಲ. ಆಮೇಲೆ ಮೊದಲ ಹಿಡಿ ಮಣ್ಣು ಅಪ್ಪನೇ ಕೊಡಬೇಕಿತ್ತು. ಅವನು ಕಾಲ ಕಡೆಗೆ ಹೋದ. ಯಾವ ಪಾದಗಳಿಂದ ಮಣ್ಣು ತೊಳೆದಿದ್ದನೋ ಆ ಪಾದಗಳ ಮೇಲೆ ಮಣ್ಣು ಹಾಕಿದ.

ಎಲ್ಲ ಮುಗಿದ ಮೇಲೆ ಬಂದವರು ಕಾಲುವೆಗೆ ಇಳಿದು ಕೈಕಾಲು ತೊಳೆದುಕೊಂಡು, ತಿರುಗಿ ನೋಡದೆ ಊರ ಕಡೆ ನಡೆದರು. ಹಾಗೇ ಮಾಡಬೇಕು. ಅಪ್ಪ ಮಾತ್ರ ಕಾಲುವೆಯ ಅದೇ ಕಲ್ಲಿನ ಮೇಲೆ ಕೂತ, ಮಣ್ಣಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಅವ್ವ ಎರಡು ಸಲ ಕರೆದಳು. ನೀರು ಅವನ ಕಾಲಡಿಯಲ್ಲೇ ಹರಿಯುತ್ತಿತ್ತು. ಅವನು ಕೈ ತೊಳೆಯಲಿಲ್ಲ.